ಎಂಟನೆಯ ತರಗತಿಯ ಅಂಕಪಟ್ಟಿಯನ್ನು ಓದುವ ಬಗೆ

ಏಪ್ರಿಲ್ ತಿಂಗಳು ಬಂದಿತೆಂದರೆ ಶಾಲೆಗಳ ಅಂಗಳದಲ್ಲಿ ಫಲಿತಾಂಶದ ಮಾತು ಆರಂಭವಾಗುತ್ತದೆ. ಎಂಟನೆಯ ತರಗತಿಯ ಮಗು ಅಂಕಪಟ್ಟಿ ಹಿಡಿದು ಮನೆಗೆ ಬರುತ್ತದೆ. ಹಿರಿಯರು ಕೊನೆಯ ಸಾಲನ್ನಷ್ಟೇ ನೋಡಿ, 'ಪಾಸಾಯಿತೇ? ನೆರೆಮನೆಯ ಹುಡುಗನಿಗೆ ಎಷ್ಟು ಬಂದಿದೆ?' ಎಂದು ಕೇಳುತ್ತಾರೆ. ಉತ್ತರ ದೊರೆತೊಡನೆ ಆ ಹಾಳೆ ಕಪಾಟು ಸೇರುತ್ತದೆ. ಎರಡು ವರ್ಷಗಳ ತರುವಾಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಅದೇ ಮಗು ಗಣಿತದಲ್ಲಿ ಮುಗ್ಗರಿಸಿದಾಗ, ಇಷ್ಟು ದಿನ ಎಲ್ಲ ಸರಿಯಾಗಿತ್ತಲ್ಲ ಎಂದು ಮನೆಯವರು ಬೆರಗಾಗುತ್ತಾರೆ. ಎಲ್ಲ ಸರಿಯಾಗಿರಲಿಲ್ಲ, ನಾವು ಸರಿಯಾದ ಪ್ರಶ್ನೆ ಕೇಳಿರಲಿಲ್ಲ ಅಷ್ಟೆ.

ಉತ್ತೀರ್ಣತೆ ಏನನ್ನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು, ಎಂಟನೆಯ ತರಗತಿಯವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದೆಂದು ವಿಧಿಸಿತು. ಅನುತ್ತೀರ್ಣನೆಂಬ ಹಣೆಪಟ್ಟಿ ಹೊತ್ತ ಬಡಮಗು ಶಾಲೆಯನ್ನೇ ತೊರೆಯುತ್ತದೆ ಎಂಬ ಕಳಕಳಿ ಅದರ ಹಿಂದಿತ್ತು. ವರ್ಷಕ್ಕೊಂದು ದೊಡ್ಡ ಪರೀಕ್ಷೆಯ ಬದಲು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ನಡೆಯಬೇಕೆಂಬುದು ಆಶಯ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ರೂಪ ಪಡೆಯಿತು. 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಲು, ಅದರಲ್ಲಿ ತೇರ್ಗಡೆಯಾಗದವರಿಗೆ ಎರಡು ತಿಂಗಳೊಳಗೆ ಮತ್ತೊಂದು ಅವಕಾಶ ನೀಡಲು, ಆಗಲೂ ಆಗದಿದ್ದರೆ ಉಳಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ಆಯಾ ಸರ್ಕಾರವೇ ನಿರ್ಧರಿಸಲು ಅವಕಾಶ ಕಲ್ಪಿಸಿತು.

ಕರ್ನಾಟಕದಲ್ಲಿ 2022-23ನೇ ಸಾಲಿನಲ್ಲಿ ಈ ಎರಡು ತರಗತಿಗಳಿಗೆ ರಾಜ್ಯಮಟ್ಟದ ಏಕರೂಪ ಪ್ರಶ್ನೆಪತ್ರಿಕೆಯ ಪರೀಕ್ಷೆಯನ್ನು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮೂಲಕ ನಡೆಸಲು ಸರ್ಕಾರ ಮುಂದಾಯಿತು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಅದನ್ನು ರದ್ದುಗೊಳಿಸಿತು. ವಿಭಾಗೀಯ ಪೀಠ ಅನುಮತಿಸಿತು. 2023ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಮರುವರ್ಷ ವಿವಾದ ಮರುಕಳಿಸಿ, 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೇ ತಡೆ ನೀಡಿತು. ಪರೀಕ್ಷೆ ಬೇಕೇ ಬೇಡವೇ ಎಂಬ ಈ ವಾದದ ನಡುವೆ, ಪರೀಕ್ಷೆ ತಿಳಿಸುವುದನ್ನು ಓದಿಕೊಳ್ಳುವುದು ಹೇಗೆ ಎಂಬ ಮಾತು ಹಿಂದೆ ಸರಿಯಿತು. ಮುಂದಿನ ತರಗತಿಗೆ ಹೋದುದರಿಂದ ಮಗುವಿನ ಒಂದು ವರ್ಷ ಉಳಿಯಿತೆಂದು ತಿಳಿಯಬಹುದು. ಆ ವರ್ಷದ ಪಾಠ ಮನಸ್ಸಿಗೆ ಇಳಿಯಿತೆಂದು ತಿಳಿಯಲಾಗದು.

ಮೂರು ಬಗೆಯ ಪರೀಕ್ಷೆ, ಮೂರು ಬೇರೆ ಪ್ರಶ್ನೆ

ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಒಂದೇ ಅವಧಿ, ಒಂದೇ ರೀತಿಯ ಮೌಲ್ಯಮಾಪನ ಇರುವುದು ಏಕರೂಪ ಪರೀಕ್ಷೆ. ಹಿರಿಯ ಪ್ರಾಥಮಿಕ ಹಂತದ ಮಕ್ಕಳು ಇಂಥ ಮೂರು ಬಗೆಯ ಪರೀಕ್ಷೆಗಳನ್ನು ಎದುರಿಸುತ್ತಾರೆ. ತಕ್ಕಡಿಯಿಂದ ಉದ್ದವನ್ನು ಅಳೆಯಲಾಗದಂತೆ, ಒಂದಕ್ಕೆಂದು ರೂಪಿಸಿದ ಪರೀಕ್ಷೆಯಿಂದ ಇನ್ನೊಂದನ್ನು ಅಳೆಯಲಾಗದು.

ಮೊದಲನೆಯದು ಸಮೀಕ್ಷೆ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ ಮೂರು, ಐದು, ಎಂಟು ಮತ್ತು ಹತ್ತನೆಯ ತರಗತಿಗಳ ಸುಮಾರು 34 ಲಕ್ಷ ಮಕ್ಕಳು ಪಾಲ್ಗೊಂಡರು. 2024ರ ಡಿಸೆಂಬರ್ 4ರಂದು 'ಪರಖ್' ರಾಷ್ಟ್ರೀಯ ಸರ್ವೇಕ್ಷಣೆಯು ಮೂರು, ಆರು ಮತ್ತು ಒಂಬತ್ತನೆಯ ತರಗತಿಗಳ 21 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತು. ಇವು ಎಲ್ಲ ಶಾಲೆಗಳಲ್ಲಿ ನಡೆಯುವುದಿಲ್ಲ. ಆಯ್ದ ಶಾಲೆಗಳ ಆಯ್ದ ಮಕ್ಕಳ ಉತ್ತರಗಳಿಂದ ಜಿಲ್ಲೆಯ, ರಾಜ್ಯದ, ದೇಶದ ಸ್ಥಿತಿಯನ್ನು ಅಂದಾಜಿಸುತ್ತವೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದೆರಡು ಅಗುಳು ಹಿಸುಕಿ ನೋಡುವಂತೆ. ಇಲ್ಲಿ ಮಗುವಿಗೆ ಅಂಕಪಟ್ಟಿಯಿಲ್ಲ. ಉತ್ತರ ಕೊಡಬೇಕಾದವರು ವ್ಯವಸ್ಥೆಯನ್ನು ನಡೆಸುವವರು.

ಎರಡನೆಯದು ಆಯ್ಕೆಯ ಪರೀಕ್ಷೆ. 2008ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಆದಾಯ ಮತ್ತು ಪ್ರತಿಭಾ ವಿದ್ಯಾರ್ಥಿವೇತನ, ಅಂದರೆ ಎನ್.ಎಂ.ಎಂ.ಎಸ್., ಇದಕ್ಕೆ ಉದಾಹರಣೆ. ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆಗಳು, ಏಳು ಮತ್ತು ಎಂಟನೆಯ ತರಗತಿಗಳ ವಿಜ್ಞಾನ, ಸಮಾಜ ವಿಜ್ಞಾನ, ಗಣಿತಗಳನ್ನು ಆಧರಿಸಿದ 90 ಪ್ರಶ್ನೆಗಳು ಇರುತ್ತವೆ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ, ವರ್ಷವರ್ಷದ ಷರತ್ತುಗಳನ್ನು ಪೂರೈಸಿದರೆ, ವಾರ್ಷಿಕ 12,000 ರೂಪಾಯಿ ದೊರೆಯುತ್ತದೆ. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಏಳನೆಯ ತರಗತಿಯಲ್ಲಿ ಶೇ. 55ರಷ್ಟು ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5ರ ವಿನಾಯಿತಿಯಿದೆ. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಷ್ಟೇ ಈ ಅವಕಾಶ. ಮಠಗಳು ನಡೆಸುವ ಅನುದಾನಿತ ಶಾಲೆಗಳ ಮಕ್ಕಳೂ ಇದರಲ್ಲಿ ಸೇರುತ್ತಾರೆ ಎಂಬುದನ್ನು ಪಾಲಕರು ಗಮನಿಸಬೇಕು. ಆದರೆ ಇಲ್ಲಿ ಸ್ಥಾನಗಳು ಮಿತವಾಗಿವೆ. ಆಯ್ಕೆಯಾಗದ ಮಗು ಕಲಿತಿಲ್ಲವೆಂದು ಅರ್ಥವಲ್ಲ. ಅದಕ್ಕಿಂತ ಮುಂದೆ ಇನ್ನಷ್ಟು ಮಕ್ಕಳಿದ್ದರೆಂದಷ್ಟೇ ಅರ್ಥ.

ಮೂರನೆಯದು ಶಾಲೆಯ ಮೌಲ್ಯಮಾಪನ. ಈ ಮಗುವಿಗೆ ಏನು ಬರುತ್ತದೆ, ಏನು ಇನ್ನೂ ಬರುವುದಿಲ್ಲ ಎಂಬುದೇ ಅದರ ಪ್ರಶ್ನೆ. ನಾವು ಅತ್ಯಂತ ಎಚ್ಚರದಿಂದ ಓದಬೇಕಾದುದು ಇದನ್ನೇ. ಹೆಚ್ಚಾಗಿ ಓದದೆ ಬಿಡುವುದೂ ಇದನ್ನೇ.

ಸರಾಸರಿಯ ಮರೆಯಲ್ಲಿ ಉಳಿಯುವ ಮಗು

ಹತ್ತು ಮಕ್ಕಳ ತರಗತಿಯ ಸರಾಸರಿ 60 ಎಂದುಕೊಳ್ಳೋಣ. ಹತ್ತೂ ಮಕ್ಕಳು 60 ಪಡೆದಿರಬಹುದು. ಐವರು 90, ಐವರು 30 ಪಡೆದಿರಲೂಬಹುದು. ಸಂಖ್ಯೆ ಒಂದೇ, ಶಾಲೆ ಮಾಡಬೇಕಾದ ಕೆಲಸ ಬೇರೆ. ಸಣ್ಣ ಊರಿನ ಶಾಲೆಯಲ್ಲಿ ಒಬ್ಬ ಮಗು ಅಸ್ವಸ್ಥನಾಗಿ ಪರೀಕ್ಷೆ ತಪ್ಪಿಸಿಕೊಂಡರೂ ಶೇಕಡಾವಾರು ಫಲಿತಾಂಶ ಹತ್ತು ಅಂಶ ಏರಿಳಿಯುತ್ತದೆ. ಅಂಥ ಒಂದು ವರ್ಷದ ಸಂಖ್ಯೆಯನ್ನು ಹಿಡಿದು ಶಿಕ್ಷಕರನ್ನು ಹೊಗಳುವುದೂ ತೆಗಳುವುದೂ ನ್ಯಾಯವಲ್ಲ. ಸಂಖ್ಯೆಯೊಂದೇ ಗುರಿಯಾದಾಗ, ಕಲಿಸುವ ಕೆಲಸ ಪ್ರಶ್ನೆಪತ್ರಿಕೆಯ ತಾಲೀಮಾಗಿ ಕುಗ್ಗುತ್ತದೆ. ಹಿಂದುಳಿದ ಮಗು ಪರೀಕ್ಷೆಯ ದಿನ ಶಾಲೆಗೆ ಬಾರದಿದ್ದರೇ ಒಳಿತೆಂಬ ಕೆಟ್ಟ ಯೋಚನೆಯೂ ತಲೆದೋರುತ್ತದೆ.

ತಪ್ಪು ಉತ್ತರವೂ ಮಾತನಾಡುತ್ತದೆ

ಪರಖ್ ವರದಿಯ ಪ್ರಕಾರ ದೇಶದ ಆರನೆಯ ತರಗತಿಯ ಮಕ್ಕಳಲ್ಲಿ ಸಾಮಾನ್ಯ ಭಿನ್ನರಾಶಿಗಳನ್ನು ಗುರುತಿಸಿ ಹೋಲಿಸಬಲ್ಲವರು ಶೇ. 29 ಮಾತ್ರ. ಮೂರನೆಯ ಒಂದು ಭಾಗ ದೊಡ್ಡದೋ ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂದು ಕೇಳಿದರೆ ಹಲವು ಮಕ್ಕಳು ನಾಲ್ಕನೆಯ ಒಂದು ಭಾಗ ಎನ್ನುತ್ತಾರೆ. ಇದು ದಡ್ಡತನವಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಹಿಂದೆ ಕಲಿತ ಸತ್ಯವನ್ನೇ ಮಗು ಹೊಸ ಜಾಗಕ್ಕೆ ಅನ್ವಯಿಸಿದೆ. ಒಂದು ಜೋಳದ ರೊಟ್ಟಿಯನ್ನು ಮೂವರಿಗೆ ಹಂಚಿ, ಅಷ್ಟೇ ದೊಡ್ಡ ಇನ್ನೊಂದನ್ನು ನಾಲ್ವರಿಗೆ ಹಂಚಿ ತೋರಿಸಿದರೆ ಆ ತಪ್ಪು ತಾನಾಗಿಯೇ ಸಡಿಲವಾಗುತ್ತದೆ. ಕೆಂಪು ಗೀಟು ಹಾಕಿ ಸೊನ್ನೆ ಕೊಟ್ಟು ಬಿಟ್ಟರೆ ಅದು ಹತ್ತನೆಯ ತರಗತಿಯವರೆಗೂ ಬೆನ್ನಿಗೆ ಬರುತ್ತದೆ.

ಇನ್ನು ಕೆಲವೊಮ್ಮೆ ಗಣಿತದಲ್ಲಿ ಕಡಿಮೆ ಅಂಕ ಬರಲು ಕಾರಣ ಗಣಿತವೇ ಆಗಿರುವುದಿಲ್ಲ. ಸಂತೆಯಲ್ಲಿ ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಹೇಳುವ ಹುಡುಗಿ, ಅದೇ ಲೆಕ್ಕ ನಾಲ್ಕು ಸಾಲಿನ ಪ್ರಶ್ನೆಯಾಗಿ ಬಂದಾಗ ನಿಂತುಬಿಡುತ್ತಾಳೆ. ಅವಳಿಗೆ ತೊಡಕಾದದ್ದು ಓದು. ಗ್ರಾಮೀಣ ಮನೆಗಳಿಗೇ ಹೋಗಿ ಮಕ್ಕಳನ್ನು ಪರೀಕ್ಷಿಸುವ 'ಅಸರ್' ಸಮೀಕ್ಷೆಯು 2022ರಲ್ಲಿ, ದೇಶದ ಎಂಟನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ಶೇ. 69.6 ಎಂದೂ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 44.7 ಎಂದೂ ಕಂಡಿತು. ಹತ್ತರಲ್ಲಿ ಮೂವರು ಮಕ್ಕಳು ಓದಲು ತಡವರಿಸುತ್ತಲೇ ಪ್ರೌಢಶಾಲೆಯ ಪಾಠಗಳಿಗೆ ಕಾಲಿಡುತ್ತಿದ್ದಾರೆ ಎಂದಾಯಿತು.

ಈ ಘಟ್ಟ ಏಕೆ ಮುಖ್ಯ?

ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿ ಕೆಲವು ಊರುಗಳಲ್ಲಿ ಪ್ರಾಥಮಿಕ ಶಾಲೆಯೊಡನೆ, ಹಲವೆಡೆ ಪ್ರೌಢಶಾಲೆಯೊಡನೆ ಇದೆ. ಈ ದಾಟಿನಲ್ಲಿ ಶಾಲೆ ಬದಲಾಗುತ್ತದೆ, ಶಿಕ್ಷಕರು ಬದಲಾಗುತ್ತಾರೆ. ಮಗುವನ್ನು ಏಳು ವರ್ಷ ಬಲ್ಲವರು ಹಿಂದೆ ಉಳಿಯುತ್ತಾರೆ. ಹೊಸಬರು, ಇದೆಲ್ಲ ಹಿಂದೆಯೇ ಕಲಿತಿರಬೇಕೆಂದು ಭಾವಿಸಿ ಬೀಜಗಣಿತ ಆರಂಭಿಸುತ್ತಾರೆ. ಭಾಗಾಕಾರ ಬಾರದ ಮಗು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳುತ್ತದೆ. ಇಲ್ಲಿ ಯಾರ ದ್ರೋಹವೂ ಇಲ್ಲ, ಆದರೆ ಆ ಕೊರತೆಗೆ ಹೊಣೆ ಹೊರುವವರೂ ಇಲ್ಲ. ಮುಂದೆ ಶಾಲೆ ಬಿಡುವ ನಿರ್ಧಾರ ಅನೇಕ ವೇಳೆ ಈ ಮೌನದಲ್ಲಿಯೇ ಹುಟ್ಟುತ್ತದೆ.

ನಾವು ಮಾಡಬಹುದಾದುದು

ಪಾಲಕರು ಒಂದು ಸಂಜೆ ಹತ್ತು ನಿಮಿಷ ಮಗುವಿನೊಡನೆ ಕುಳಿತುಕೊಳ್ಳಲಿ. ಎರಡನೆಯ ತರಗತಿಯ ಪಾಠವೊಂದನ್ನು ಗಟ್ಟಿಯಾಗಿ ಓದಿಸಲಿ. ಮೂರಂಕಿಯ ಒಂದು ಭಾಗಾಕಾರ ಮಾಡಿಸಲಿ. ತಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ, ಮಗು ತಡವರಿಸುವುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಬೈಯದೆ, ಇತರರ ಮುಂದೆ ಹೇಳದೆ, ಮರುದಿನ ಶಿಕ್ಷಕರನ್ನು ಕಾಣಲಿ. 'ಎಷ್ಟು ಅಂಕ?' ಎನ್ನುವ ಬದಲು 'ಯಾವುದು ಬರುವುದಿಲ್ಲ? ಅದಕ್ಕೆ ಏನು ಮಾಡೋಣ?' ಎಂದು ಕೇಳಲಿ. ಉತ್ತರಪತ್ರಿಕೆಯನ್ನು ತೋರಿಸುವಂತೆ ಕೋರಲಿ. ಅಂಕಪಟ್ಟಿ ಹೇಳದ್ದನ್ನು ಅದು ಹೇಳುತ್ತದೆ.

ಊರಿನ ಹಿರಿಯರು, ಶಾಲಾಭಿವೃದ್ಧಿ ಸಮಿತಿಯವರು, ಓದು ಮುಗಿಸಿದ ಯುವಕ ಯುವತಿಯರು ಬೇಸಿಗೆ ರಜೆಯಲ್ಲಿ ದಿನಕ್ಕೊಂದು ಗಂಟೆ ಓದು ಮತ್ತು ಲೆಕ್ಕಕ್ಕೆ ಮೀಸಲಿಟ್ಟರೆ ಅದು ಸಣ್ಣ ಸೇವೆಯಲ್ಲ. ಸನ್ಮಾನ ಸಮಾರಂಭಗಳಲ್ಲಿ ಶೇ. 90 ಪಡೆದವರ ಜತೆಗೆ, ಕಳೆದ ವರ್ಷ ಓದಲಾರದೆ ಈ ವರ್ಷ ಸರಾಗವಾಗಿ ಓದುವ ಮಗುವನ್ನೂ ವೇದಿಕೆಗೆ ಕರೆಯೋಣ. ಆ ಮಗು ಏರಿದ ಮೆಟ್ಟಿಲುಗಳೂ ಕಡಿಮೆಯೇನಲ್ಲ.

ವೈದ್ಯರು ನಾಡಿ ಹಿಡಿಯುವುದು ರೋಗಿಗೆ ದರ್ಜೆ ಕೊಡಲಿಕ್ಕಲ್ಲ, ಚಿಕಿತ್ಸೆ ಮಾಡಲಿಕ್ಕೆ. ಪರೀಕ್ಷೆಯ ಸಾರ್ಥಕತೆಯೂ ಅದರ ಮರುದಿನ ನಾವು ಮಾಡುವ ಕೆಲಸದಲ್ಲಿದೆ. ಈ ಸಲ ಅಂಕಪಟ್ಟಿ ಮನೆಗೆ ಬಂದಾಗ ಅದನ್ನು ಕಪಾಟಿಗೆ ಸೇರಿಸುವ ಮುನ್ನ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಪೂರ್ತಿ ಓದೋಣ.