ಲಿವರ್ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಬಂದವರಿಗೆ ಅಮೃತಬಳ್ಳಿ ಕಷಾಯ ಕೊಡಬಹುದೇ?

'ಅಮೃತಬಳ್ಳಿ, ನೆಲನೆಲ್ಲಿ ಕಷಾಯ ಕುಡಿದರೆ ಲಿವರ್ ಶುದ್ಧವಾಗುತ್ತದೆ, ಕ್ಯಾನ್ಸರ್ ಮರಳುವುದಿಲ್ಲ' ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಶೃಂಗೇರಿ, ಕೊಪ್ಪದ ಕಡೆ ಇಂಥದ್ದನ್ನು ನಂಬುವುದು ಸುಲಭ. ಎರಡೂ ಹಿತ್ತಲಲ್ಲೇ ಸಿಗುತ್ತವೆ. ದೊಡ್ಡಾಸ್ಪತ್ರೆಗಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಬೆಂಗಳೂರಿಗೋ ಹೋಗಬೇಕು.

ಈ ಕಷಾಯ ಲಿವರ್ ಕ್ಯಾನ್ಸರ್ ಮರಳದಂತೆ ತಡೆಯುತ್ತದೆ ಎನ್ನಲು ಪುರಾವೆ ಇಲ್ಲ. ತೊಂದರೆ ಅಷ್ಟೇ ಅಲ್ಲ. ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಲಿವರ್‌ಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬೇರೆ ಬಳ್ಳಿಯನ್ನು ಅಮೃತಬಳ್ಳಿ ಎಂದುಕೊಂಡಿರಬಹುದು ಎಂದಿತು. ಆಮೇಲೆ ದೇಶದ 13 ಕೇಂದ್ರಗಳ ಅಧ್ಯಯನವೊಂದು ಇಂಥ 43 ರೋಗಿಗಳನ್ನು ದಾಖಲಿಸಿತು. ಲಿವರ್ ಕ್ಯಾನ್ಸರ್ ಬಂದ ಬಹುತೇಕರಿಗೆ ಮೊದಲೇ ಸಿರೋಸಿಸ್ ಇರುತ್ತದೆ. ಹಾಗೆ ಸೊರಗಿದ ಲಿವರ್ ಮೇಲೆ ಪ್ರಯೋಗ ಬೇಡ.

ಇನ್ನೊಂದು ಪಥ್ಯದ ಮಾತು: 'ಬೇಳೆ, ಮೊಟ್ಟೆ ಬಿಡಿ, ಗಂಜಿ ತಿಳಿಸಾರು ಸಾಕು.' ಇದು ತಪ್ಪು. ಸಿರೋಸಿಸ್ ಇರುವವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂದು ಪೋಷಣಾ ತಜ್ಞರು ಹೇಳುತ್ತಾರೆ. ಅದಿಲ್ಲದೆ ಸ್ನಾಯು ಕರಗಿ ಸುಸ್ತು ಹೆಚ್ಚುತ್ತದೆ. ಒಂದೇ ಸಲ ತಿನ್ನಲಾಗದಿದ್ದರೆ ಸ್ವಲ್ಪ ಸ್ವಲ್ಪ, ಮಲಗುವ ಮುಂಚೆಯೂ ಏನಾದರೂ ತಿನ್ನಲಿ. ಕಡಿಮೆ ಮಾಡಬೇಕಾದದ್ದು ಉಪ್ಪು, ಅದೂ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅಥವಾ ಕಾಲು ಊದಿದ್ದರೆ. ಆಗ ಮಿಡಿ ಉಪ್ಪಿನಕಾಯಿ ಎಲೆಗೆ ಬರಬಾರದು. (ಮಲೆನಾಡಿನವರಿಗೆ ಇದೇ ಎಲ್ಲಕ್ಕಿಂತ ಕಷ್ಟ.)

ಮನೆಯವರು ಗಮನಿಸದೇ ಹೋಗುವ ಲಕ್ಷಣ ಬೇರೊಂದಿದೆ. ಹಗಲಿಡೀ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ, ಕೈ ನಡುಕ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. 'ಅಪ್ಪಯ್ಯನಿಗೆ ಅರಳುಮರಳು' ಎಂದು ಸುಮ್ಮನಾಗುತ್ತಾರೆ, ಇಲ್ಲವೇ ನಿದ್ರೆ ಮಾತ್ರೆ ಕೊಡುತ್ತಾರೆ. ಲಿವರ್ ಶೋಧಿಸಲಾಗದ ಅಮೋನಿಯಾದಂಥ ವಿಷಗಳು ಮೆದುಳು ಮುಟ್ಟಿದಾಗ ಹೀಗಾಗುತ್ತದೆ. ನಿದ್ರೆ ಮಾತ್ರೆಯಿಂದ ಪ್ರಜ್ಞೆಯೇ ತಪ್ಪಬಹುದು. ಮಲಬದ್ಧತೆ, ಸೋಂಕು ಇದನ್ನು ಕೆರಳಿಸುತ್ತವೆ. ಅದಕ್ಕೇ ವೈದ್ಯರು ಲ್ಯಾಕ್ಟುಲೋಸ್ ಸಿರಪ್ ಕೊಡುವುದು. ದಿನಕ್ಕೆ ಎರಡು ಮೂರು ಬಾರಿ ಮೆತ್ತಗೆ ಮಲವಾಗುವುದೇ ಅದರ ಗುರಿ. 'ಭೇದಿ ಆಗ್ತಿದೆ' ಎಂದು ನೀವಾಗಿಯೇ ನಿಲ್ಲಿಸಬೇಡಿ. ತೀರಾ ನೀರಾಗಿ ಹೋದರೆ ವೈದ್ಯರಿಗೆ ತಿಳಿಸಿ.

ಕಾಮಾಲೆಯ ತುರಿಕೆಗೆ ಹಂಡೆಯ ಸುಡುನೀರಿನ ಸ್ನಾನ ಹಿತ ಅನ್ನಿಸಿದರೂ ಆಮೇಲೆ ತುರಿಕೆ ಹೆಚ್ಚುತ್ತದೆ. ಉಗುರುಬೆಚ್ಚಗಿನ ನೀರು, ಮೈಗೆ ಎಣ್ಣೆ ಅಥವಾ ಮಾಯಿಶ್ಚರೈಸರ್ ಸಾಕು. ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ಕೊಡಬೇಡಿ, ಅವು ಕಿಡ್ನಿಗೆ ಹೊಡೆತ ಕೊಡಬಹುದು, ರಕ್ತಸ್ರಾವ ತರಬಹುದು. ಪ್ಯಾರಾಸಿಟಮಾಲ್ ಆಗಬಹುದು, ಆದರೆ ಎಷ್ಟು ಎನ್ನುವುದನ್ನು ವೈದ್ಯರೇ ಹೇಳಬೇಕು. ಗಡ್ಡೆಯ ರಕ್ತನಾಳ ಮುಚ್ಚುವ ಚಿಕಿತ್ಸೆ ಆದವರಿಗೆ ಕೆಲವು ದಿನ ಜ್ವರ, ನೋವು, ವಾಕರಿಕೆ ಸಾಮಾನ್ಯ.

ಆದರೆ ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಹೊಟ್ಟೆಯಲ್ಲಿ ನೀರು ತುಂಬಿರುವಾಗ ಜ್ವರ ಮತ್ತು ಹೊಟ್ಟೆನೋವು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಳೆಗಾಲದಲ್ಲಿ ಘಾಟಿ ದಾರಿ ನಂಬುವಂತಿಲ್ಲ. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಚೀಟಿ, ಮಾತ್ರೆಗಳ ಜೊತೆಗೆ ಕುಡಿಸಿದ ಕಷಾಯದ ವಿಷಯವನ್ನೂ ಮುಚ್ಚಿಡದೆ ಹೇಳಿ.