ಒಂದೇ ಕುಕ್ಕರಿನ ಹುಗ್ಗಿ ಮಕ್ಕಳಿಗೆ ಸಾಕೇ?

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿಗೆ ಹೆಚ್ಚಾಗಿ ಅಕ್ಕಿ, ಹೆಸರುಬೇಳೆ ಹಾಕಿ ಖಾರದ ಹುಗ್ಗಿ ಮಾಡಿಬಿಡುತ್ತೇವೆ. ನಾಲ್ಕು ವರ್ಷದ ಮಗುವಿಗೆ ಇದರಿಂದ ಪ್ರೋಟೀನ್ ಸಿಗುತ್ತದೆಯೇ?

ಉತ್ತರ: ಧಾರಾಳವಾಗಿ ಸಿಗುತ್ತದೆ, ಬೇಳೆ ಹಾಕುವಾಗ ಕೈ ಬಿಗಿ ಹಿಡಿಯದಿದ್ದರೆ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ, ಅದನ್ನು ಅಕ್ಕಿ ತುಂಬಿಕೊಡುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದ್ದರೆ, ಅಷ್ಟೇ ಅಕ್ಕಿಯಲ್ಲಿ 7–8 ಗ್ರಾಂ ಮಾತ್ರ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ ಬೇಕು. ಎರಡು ಲೋಟ ಅಕ್ಕಿಗೆ ಒಂದು ಲೋಟ ಬೇಳೆ ಒಳ್ಳೆಯ ಅಳತೆ.

ಹುಗ್ಗಿ ಸೋಲುವುದು ಪ್ರೋಟೀನಿನಲ್ಲಲ್ಲ. ಎ ಮತ್ತು ಸಿ ಜೀವಸತ್ವ, ಕ್ಯಾಲ್ಸಿಯಂಗಳಲ್ಲಿ. ಕುಕ್ಕರಿಗೇ ಒಂದು ಹಿಡಿ ನುಗ್ಗೆಸೊಪ್ಪು ಇಲ್ಲವೇ ತುರಿದ ಕ್ಯಾರೆಟ್ ಹಾಕಿ. ಎ ಜೀವಸತ್ವಕ್ಕೆ ಮೂಲವಾದ ಇವುಗಳ ಕೆರೋಟಿನ್ ದೇಹಕ್ಕೆ ಹತ್ತಲು ಕೊಬ್ಬು ಬೇಕು, ಆದ್ದರಿಂದ ಒಂದು ಚಮಚ ತುಪ್ಪ ಬಿಡಿ. ನಿಂಬೆರಸವನ್ನು ತಟ್ಟೆಗೆ ಬಡಿಸಿದ ಮೇಲೆ ಹಿಂಡಿ: ಸಿ ಜೀವಸತ್ವ ಬಿಸಿಗೆ ನಾಶವಾಗುತ್ತದೆ, ಉಳಿದರೆ ಬೇಳೆ, ಸೊಪ್ಪಿನ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಕ್ಯಾಲ್ಸಿಯಂಗೆ ಪಕ್ಕದಲ್ಲಿ ಒಂದು ಬಟ್ಟಲು ಮೊಸರು, ಬೆಳಿಗ್ಗೆ ರಾಗಿ ದೋಸೆ ಅಥವಾ ರಾಗಿ ಗಂಜಿ. ಇಷ್ಟಿದ್ದರೆ ವಾರಕ್ಕೆ ಮೂರು ದಿನ ಹುಗ್ಗಿ ಮಾಡಿದರೂ ಚಿಂತೆಯಿಲ್ಲ; ಸೊಪ್ಪು, ತರಕಾರಿ ಮಾತ್ರ ಬದಲಾಗುತ್ತಿರಲಿ.