ತಂಪು ಗಾಳಿಯ ಆಸೆ, ವಾರಂಟಿಯ ಚಿಂತೆ

ಬೋನಸ್ ಬಂದ ತಿಂಗಳು ಕೈ ಸುಮ್ಮನಿರಲ್ಲ. ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಕೈಯೂ ಸುಮ್ಮನಿರಲಿಲ್ಲ. ಹೆಂಡತಿ ವಾಷಿಂಗ್ ಮಷೀನ್ ಬದಲಾಯಿಸೋಣ ಅಂತಿದ್ದಳು. ನಾನು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲ್ ಹಿಡಿದು ಕೋಲ್ಡ್ ಏರ್ ಇನ್‌ಟೇಕ್ ವಿಡಿಯೊಗಳನ್ನು ನೋಡ್ತಾ ಕೂತಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿನ್ ಕೂಡ ಉಸಿರಾಡುತ್ತೆ. ಬಾನೆಟ್ ತೆಗೆದರೆ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣುತ್ತಲ್ಲ, ಅದು ಏರ್‌ಬಾಕ್ಸ್. ಅದರೊಳಗೆ ಕಾಗದದ ಫಿಲ್ಟರ್ ಇರುತ್ತೆ. ಈ ಡಬ್ಬಿಯನ್ನೇ ತೆಗೆದುಹಾಕಿ, ಅದರ ಜಾಗದಲ್ಲಿ ಉದ್ದನೆಯ ಅಲ್ಯೂಮಿನಿಯಂ ಕೊಳವೆ ಮತ್ತು ತುದಿಗೊಂದು ಕೋನ್ ಆಕಾರದ ಫಿಲ್ಟರ್ ಕೂರಿಸುವುದೇ ಕೋಲ್ಡ್ ಏರ್ ಇನ್‌ಟೇಕ್. ಎಂಜಿನ್ ಬಿಸಿಯಿಂದ ದೂರದಲ್ಲಿ, ಬಂಪರ್ ಹತ್ತಿರದ ತಂಪು ಗಾಳಿ ಎಳೆದುಕೊಳ್ಳುತ್ತೆ. ತಂಪು ಗಾಳಿಯ ಸಾಂದ್ರತೆ ಹೆಚ್ಚು, ಅಂದರೆ ಅಷ್ಟೇ ಜಾಗದಲ್ಲಿ ಆಮ್ಲಜನಕವೂ ಹೆಚ್ಚು, ಶಕ್ತಿಯೂ ಹೆಚ್ಚು. ಜೊತೆಗೆ ಆಕ್ಸಿಲರೇಟರ್ ಒತ್ತಿದಾಗ ಒಂದು ಗಂಭೀರ ಶಬ್ದ. ನಿಜ ಹೇಳ್ತೀನಿ, ನಾನು ಬಿದ್ದಿದ್ದು ಆ ಶಬ್ದಕ್ಕೆ.

ಕಾರಿಗೆ ಎರಡು ವರ್ಷ ಆಗಿತ್ತು, ಇನ್ನೂ ವಾರಂಟಿಯಲ್ಲಿತ್ತು. ವಿಡಿಯೊದವನು ಅದಕ್ಕೂ ಧೈರ್ಯ ಹೇಳಿದ್ದ: ‘ಬೇರೆ ಕಂಪನಿ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ, ಕಾನೂನೇ ಇದೆ.’ ಅಷ್ಟು ಸಾಕಾಯ್ತು. 28 ಸಾವಿರ ಕೊಟ್ಟು ಕಿಟ್ ತರಿಸಿದೆ. ಶನಿವಾರ ಗ್ಯಾರೇಜ್‌ನಲ್ಲಿ ಹಾಕಿಸೋದು ಅಂತ ಸಮಯವೂ ಗೊತ್ತಾಯ್ತು.

ಆ ಕಾನೂನು ಯಾರದು?

ಖುಷಿ ಹಂಚಿಕೊಳ್ಳಲು ಕ್ಯಾಲಿಫೋರ್ನಿಯಾದಲ್ಲಿರುವ ಕಾಲೇಜು ಗೆಳೆಯನಿಗೆ ಫೋನ್ ಮಾಡಿದೆ. ಅವನು ನಕ್ಕುಬಿಟ್ಟ. ‘ಮಗಾ, ಅದು ಇಲ್ಲಿನ ಕಾನೂನು ಕಣೋ. ನಿನ್ನ ಕಾರು ಇರೋದು ಸರ್ಜಾಪುರ ರಸ್ತೆಯಲ್ಲಿ.’

ಅವನು ಹೇಳಿದ್ದು 1975ರ ಮ್ಯಾಗ್ನೂಸನ್–ಮಾಸ್ ವಾರಂಟಿ ಕಾಯ್ದೆಯ ಬಗ್ಗೆ. ನಮ್ಮದೇ ಪಾರ್ಟ್ ಬಳಸಿದರೆ ಮಾತ್ರ ವಾರಂಟಿ ಅಂತ ಅಮೆರಿಕದಲ್ಲಿ ಕಂಪನಿ ಷರತ್ತು ಹಾಕುವಂತಿಲ್ಲ. ಆದರೆ ಹೊರಗಿನ ಪಾರ್ಟ್‌ನಿಂದಲೇ ಹಾನಿ ಆಗಿದ್ದರೆ ಆ ರಿಪೇರಿಯನ್ನು ನಿರಾಕರಿಸಬಹುದು. ಈ ಎರಡನೇ ವಾಕ್ಯವನ್ನು ವಿಡಿಯೊದವರು ಹೇಳೋದಿಲ್ಲ. ಇನ್ನು ಕ್ಯಾಲಿಫೋರ್ನಿಯಾದಲ್ಲಿ ಇಂಥ ಇನ್‌ಟೇಕ್ ಹಾಕಬೇಕಾದರೆ ಅದಕ್ಕೆ ಅಲ್ಲಿನ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇರಬೇಕು, ಆ ಸಂಖ್ಯೆಯ ಸ್ಟಿಕ್ಕರ್ ಬಾನೆಟ್ ಒಳಗೆ ಅಂಟಿಸಬೇಕು. ನಾವು ‘ಅಮೆರಿಕದಲ್ಲಿ ಎಲ್ಲಾ ನಡೆಯುತ್ತೆ’ ಅಂದುಕೊಂಡಿರ್ತೀವಿ.

ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ಅವರು ಹಾಸನದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ‘ಕಂಪನಿಯವನು ಗಾಳಿ ಎಲ್ಲಿಂದ ತಗೊಂಡಿದ್ದಾನೆ ಅಂತ ನೋಡಿದ್ದೀಯೇನೋ? ಮೊದಲು ಬಾನೆಟ್ ತೆಗಿ’ ಅಂದರು. ತೆಗೆದು ನೋಡಿದೆ. ಏರ್‌ಬಾಕ್ಸ್‌ನ ಬಾಯಿ ನೇರವಾಗಿ ಮುಂದಿನ ಗ್ರಿಲ್ ಹಿಂದಕ್ಕೆ ಹೋಗಿತ್ತು. ಅಂದರೆ ಕಂಪನಿಯೇ ಹೊರಗಿನ ಗಾಳಿ ಕೊಟ್ಟಿದೆ. ನಾನು 28 ಸಾವಿರಕ್ಕೆ ಕೊಂಡದ್ದು ಆಗಲೇ ನನ್ನ ಕಾರಿನಲ್ಲಿದ್ದ ವಸ್ತುವನ್ನೇ!

ಗುರುವಾರ ಹತ್ತಿದ ದೀಪ

ಶನಿವಾರಕ್ಕೆ ಎರಡು ದಿನ ಇರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿತು, ಚೆಕ್ ಎಂಜಿನ್. ಸಿಗ್ನಲ್‌ನಲ್ಲಿ ನಿಂತಾಗ ಕಾರು ಒಮ್ಮೆ ಗುರ್ ಅನ್ನೋದು, ಒಮ್ಮೆ ಆರಿಹೋಗುವ ಹಾಗೆ ಕುಗ್ಗೋದು. ಮರುದಿನ ರಜೆ ಹಾಕಿ ಸರ್ವಿಸ್ ಸೆಂಟರ್‌ಗೆ ಒಯ್ದೆ.

ಸರ್ವಿಸ್ ಅಡ್ವೈಸರ್ ಮೊದಲು ಕೇಳಿದ ಪ್ರಶ್ನೆ: ‘ಸಾರ್, ಹೊರಗಡೆ ಏನಾದ್ರೂ ಫಿಟ್ ಮಾಡಿಸಿದ್ದೀರಾ?’ ಮೊದಲು ಮಾಡಿದ ಕೆಲಸ: ಏರ್‌ಬಾಕ್ಸ್ ಮತ್ತು ಅದರ ಕೊಳವೆಯ ಫೋಟೊ ತೆಗೆದದ್ದು. ಆಮೇಲೆ ಸ್ಕ್ಯಾನರ್ ಹಾಕಿದರು. ಥ್ರಾಟಲ್ ಬಾಡಿ ಕೈಕೊಟ್ಟಿತ್ತು. ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ತೆರೆದು ಮುಚ್ಚುವ ಬಾಗಿಲು ಅದು. ಇನ್‌ಟೇಕ್ ಕೊಳವೆ ಹೋಗಿ ಸೇರುವುದೇ ಅದಕ್ಕೆ.

ವಾರಂಟಿಯಲ್ಲಿ ಬದಲಾಯಿಸಿ ಕೊಟ್ಟರು. ಬಿಲ್‌ನಲ್ಲಿ 21 ಸಾವಿರ ಚಿಲ್ಲರೆ ಬರೆದು, ಕೊಡಬೇಕಾದ ಮೊತ್ತ ಸೊನ್ನೆ ಅಂತ ಹಾಕಿದ್ದರು. ಆ ಸೊನ್ನೆ ನೋಡಿ ನಾನು ಬೆವತೆ. ಒಂದೇ ವಾರ ಮುಂಚೆ ಕಿಟ್ ಹಾಕಿಸಿದ್ದರೆ ಏನಾಗ್ತಿತ್ತು? ತಪ್ಪು ಕಿಟ್‌ನದ್ದಲ್ಲದೇ ಇರಬಹುದು. ಆದರೆ ಅದನ್ನು ತೋರಿಸಿಕೊಡಲು ನಾನು ಪತ್ರ, ಫೋನ್ ಅಂತ ತಿಂಗಳುಗಟ್ಟಲೆ ಅಲೆಯಬೇಕಿತ್ತು. ಅಲ್ಲಿ ನನಗೆ ಅರ್ಥವಾದದ್ದು ಇಷ್ಟು: ಪಾರ್ಟ್ ಬದಲಿಸಿದ ಕೂಡಲೇ ಇಡೀ ಕಾರಿನ ವಾರಂಟಿ ಹೋಗಿಬಿಡುತ್ತೆ ಅನ್ನೋದು ಭಯ. ಏನೂ ಆಗಲ್ಲ ಅನ್ನೋದು ಭ್ರಮೆ. ನೀವು ಮುಟ್ಟಿದ ದಾರಿಯಲ್ಲಿ ಏನೇ ಕೆಟ್ಟರೂ ಮೊದಲ ಅನುಮಾನ ನಿಮ್ಮ ಮೇಲೆ ಬರುತ್ತೆ. ಗಾಳಿಯ ದಾರಿಯಲ್ಲಿ ಸೆನ್ಸರ್, ಥ್ರಾಟಲ್, ಮುಂದೆ ಎಂಜಿನ್ನೇ ಇದೆ. ಮ್ಯೂಸಿಕ್ ಸಿಸ್ಟಮ್ ಬದಲಿಸಿದ ಹಾಗಲ್ಲ ಇದು.

ನಮ್ಮಲ್ಲಿ ಏನಿದೆ?

ಅಮೆರಿಕದ ಆ ಕಾಯ್ದೆಯಂಥ ಪ್ರತ್ಯೇಕ ವಾರಂಟಿ ಕಾನೂನು ಭಾರತದಲ್ಲಿಲ್ಲ. ಆದರೆ ಒಂದು ಮಹತ್ವದ ಆದೇಶ ಇದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಡಿಭಾಗಗಳ ಮಾರುಕಟ್ಟೆಯ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನ ಮೆಕ್ಯಾನಿಕ್ ಹತ್ತಿರ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಹಾಕಬೇಡಿ, ಆ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಿ ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಅಲ್ಲದೆ ಅದು ರಿಪೇರಿಯ ವಿಷಯ, ನಮ್ಮ ಶೋಕಿಯ ವಿಷಯವಲ್ಲ. ಹಾಗಾಗಿ ಅದನ್ನು ನಂಬಿ ಕಿಟ್ ಹಾಕಿಸುವ ಹಾಗಿಲ್ಲ.

ಸಾರಿಗೆ ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಏರ್‌ಬಾಕ್ಸ್ ಒಳಗಿನ ಫಿಲ್ಟರ್ ಬದಲಿಸಿದರೆ ಆರ್‌ಸಿಯಲ್ಲಿ ಏನೂ ಬದಲಾಗಲ್ಲ. ಆದರೆ ಶಬ್ದ, ಹೊಗೆ ಮಿತಿ ಮೀರಿದರೆ ಮಾತು ಬೇರೆ.

ಅಳತೆ ಮಾಡಿ ನೋಡಿದೆ

ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತಾ? ಸಾವಿರ ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಎಂಜಿನ್ ಒಳಗೆ ಹೋಗುವ ಗಾಳಿಯ ಉಷ್ಣತೆ ಬರೆದುಕೊಂಡೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಹೊರಗೆ 31 ಡಿಗ್ರಿ ಇದ್ದರೆ ಒಳಗೆ 52. ಹಾಸನಕ್ಕೆ ಹೋಗುವಾಗ ನೆಲಮಂಗಲ ದಾಟಿ ಹೆದ್ದಾರಿಯಲ್ಲಿ 80ರ ವೇಗಕ್ಕೆ ಬಂದಾಗ ಹೊರಗೆ 30, ಒಳಗೆ 35.

ಈಗ ಲೆಕ್ಕ ನೋಡಿ. ಗಾಳಿ 10 ಡಿಗ್ರಿ ತಂಪಾದರೆ ಸಾಂದ್ರತೆ ಶೇ 3ರಷ್ಟು ಹೆಚ್ಚುತ್ತೆ. 120 ಅಶ್ವಶಕ್ತಿಯ ಎಂಜಿನ್‌ಗೆ ಹೆಚ್ಚೆಂದರೆ 3–4 ಅಶ್ವಶಕ್ತಿ, ಅದೂ ಆಕ್ಸಿಲರೇಟರ್ ಪೂರ್ತಿ ತುಳಿದಾಗ. ಗಾಳಿ ತುಂಬಾ ಬಿಸಿ ಇರೋದು ಜಾಮ್‌ನಲ್ಲಿ. ಅಲ್ಲಿ ಥ್ರಾಟಲ್ ಬಾಗಿಲೇ ಮುಕ್ಕಾಲು ಮುಚ್ಚಿರುತ್ತೆ, ತಂಪು ಗಾಳಿ ಕೊಟ್ಟರೂ ಪ್ರಯೋಜನವಿಲ್ಲ. ಪೂರ್ತಿ ತುಳಿಯಲು ಸಾಧ್ಯವಾಗುವ ಹೆದ್ದಾರಿಯಲ್ಲಿ ಕಂಪನಿಯ ಕೊಳವೆಯೇ ತಂಪು ಗಾಳಿ ಕೊಡ್ತಿದೆ. ಕಿಟ್‌ನಿಂದ ಗೆಲ್ಲಲು ಉಳಿದದ್ದು ಬರೀ 5 ಡಿಗ್ರಿ!

ಹಾಗಾದರೆ ಆಯ್ಕೆ ಹೇಗೆ?

ಆಸೆ ಇರುವವರಿಗೆ ‘ಬೇಡ’ ಅಂತ ಉಪದೇಶ ಮಾಡಲ್ಲ, ನನಗೂ ಆಸೆ ಹೋಗಿಲ್ಲ. ಆದರೆ ವಾರಂಟಿ ಇರುವವರೆಗೆ ಈ ಕೆಲವು ವಿಷಯ ನೋಡಿಕೊಳ್ಳಿ.

1. ಡಬ್ಬಿ ಉಳಿಸಿ, ಫಿಲ್ಟರ್ ಮಾತ್ರ ಬದಲಿಸಿ. ಕಂಪನಿಯ ಏರ್‌ಬಾಕ್ಸ್‌ನಲ್ಲೇ ಕೂರುವ, ತೊಳೆದು ಮತ್ತೆ ಬಳಸುವ ಫಿಲ್ಟರ್‌ಗಳು ಸಿಗುತ್ತವೆ. ಏನನ್ನೂ ಕತ್ತರಿಸಬೇಕಿಲ್ಲ, ಹತ್ತು ನಿಮಿಷದಲ್ಲಿ ಹಳೆಯದನ್ನು ವಾಪಸ್ ಹಾಕಬಹುದು. ಹಳೆಯದನ್ನು ಎಸೆಯಬೇಡಿ.

2. ಸೆನ್ಸರ್ ಮುಟ್ಟಬೇಡಿ. ಏರ್‌ಬಾಕ್ಸ್ ಪಕ್ಕದ ಮಾಸ್ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಅಳೆಯುವುದು ಅಲ್ಲಿನ ಕೊಳವೆಯ ಅಗಲವನ್ನು ನಂಬಿ. ಕಿಟ್‌ನ ಕೊಳವೆ ಅಗಲ ಬೇರೆಯಾದರೆ ಲೆಕ್ಕ ತಪ್ಪುತ್ತೆ. ಇಸಿಯು ಸ್ವಲ್ಪ ಮಟ್ಟಿಗೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತೆ, ಮೀರಿದರೆ ಪಿ0171ನಂಥ ಕೋಡ್ ಹಾಕಿ ದೀಪ ಹತ್ತಿಸುತ್ತೆ.

3. ಎಣ್ಣೆ ಹಚ್ಚುವ ಫಿಲ್ಟರ್ ಆದರೆ ಎಚ್ಚರ. ತೊಳೆದ ಮೇಲೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಸೆನ್ಸರ್‌ನ ಸೂಕ್ಷ್ಮ ತಂತಿಗೆ ಅಂಟಬಹುದು. ಎಣ್ಣೆ ಬೇಡದ ಡ್ರೈ ಫಿಲ್ಟರ್ ಒಳ್ಳೆಯದು.

4. ಮಳೆ ನೆನಪಿರಲಿ. ಬಂಪರ್ ಒಳಗೆ ಕೆಳಮಟ್ಟದಲ್ಲಿ ಕೂರುವ ಫಿಲ್ಟರ್ ನೀರು ಎಳೆದರೆ ಎಂಜಿನ್ ಲಾಕ್ ಆಗುತ್ತೆ. ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲು ಆಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ನೀರು ನಿಂತದ್ದು ಯಾರೂ ಮರೆತಿಲ್ಲ. ಎಂಜಿನ್ ಪ್ರೊಟೆಕ್ಟ್ ಸೇರಿಸದ ಸಾಮಾನ್ಯ ವಿಮೆಯಲ್ಲಿ ಇಂಥ ಹಾನಿಗೆ ಹಣ ಸಿಗುವುದು ಕಷ್ಟ. ಮಾರ್ಪಾಡು ಮಾಡಿದ್ದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಇನ್ನೂ ಕಷ್ಟ.

5. ಬರಹದಲ್ಲಿ ಕೇಳಿ. ಮೊದಲು ವಾರಂಟಿ ಪುಸ್ತಕದಲ್ಲಿ ‘ಏನೇನು ಸೇರಿಲ್ಲ’ ಅನ್ನೋ ಪುಟ ಓದಿ. ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇ–ಮೇಲ್ ಹಾಕಿ. ‘ಏನೂ ಆಗಲ್ಲ ಸಾರ್, ಹಾಕಿಸಿ’ ಅನ್ನೋ ಬಾಯಿ ಮಾತು ನಾಳೆ ಸಾಕ್ಷಿಗೆ ಬರಲ್ಲ.

6. ಮುಚ್ಚಿಡಬೇಡಿ. ಸರ್ವಿಸ್‌ಗೆ ಮುಂಚೆ ಹಳೆಯದನ್ನು ಹಾಕಿ, ಆಮೇಲೆ ಮತ್ತೆ ಬದಲಿಸುವವರಿದ್ದಾರೆ. ದೋಷ ಬಂದ ಕ್ಷಣದ ವಿವರಗಳನ್ನು ಇಸಿಯು ಉಳಿಸಿಕೊಳ್ಳುತ್ತೆ, ಸ್ಕ್ರೂ ಮೇಲಿನ ಗೀರೂ ಮಾತಾಡುತ್ತೆ. ಸುಳ್ಳು ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ನಿಜವನ್ನೂ ಯಾರೂ ನಂಬಲ್ಲ.

ಸಂಬಂಧವೇ ಇಲ್ಲದ ರಿಪೇರಿಗೂ ಫಿಲ್ಟರ್ ನೆಪ ಹೇಳಿ ನಿರಾಕರಿಸಿದರೆ ಸುಮ್ಮನಿರಬೇಡಿ. ಯಾವ ಪಾರ್ಟ್‌ನಿಂದ ಏನು ಹಾನಿಯಾಯ್ತು ಅಂತ ಬರೆದುಕೊಡಲು ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಬಿಲ್, ಫೋಟೊ, ಇ–ಮೇಲ್ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತೆ.

ನಾನು ಇ–ಮೇಲ್ ಹಾಕಿದಾಗ ಎರಡು ವಾರ ಬಿಟ್ಟು ಉತ್ತರ ಬಂತು: ಹೊರಗಿನ ಫಿಲ್ಟರ್‌ಗೆ ಮತ್ತು ಅದರಿಂದಾಗುವ ಹಾನಿಗೆ ವಾರಂಟಿ ಇಲ್ಲ, ಉಳಿದದ್ದು ಎಂದಿನಂತೆ. ಆ ಪತ್ರವನ್ನು ಪ್ರಿಂಟ್ ತೆಗೆದು ಗ್ಲೋವ್ ಬಾಕ್ಸ್‌ನಲ್ಲಿಟ್ಟು, ನಾಲ್ಕು ಸಾವಿರದ ಡ್ರೈ ಫಿಲ್ಟರ್ ಹಾಕಿಸಿದೆ. ಕಾರಿನ ಓಟದಲ್ಲಿ ವ್ಯತ್ಯಾಸ ಗೊತ್ತಾಯ್ತಾ? ಇಲ್ಲ. ಪ್ರತಿ ಸಲ ಕಾಗದದ ಫಿಲ್ಟರ್ ಕೊಳ್ಳುವುದು ತಪ್ಪಿತು, ಅಷ್ಟೇ.

ಬಿಚ್ಚದೇ ಇದ್ದ ಕಿಟ್ ಅನ್ನು ವಾರಂಟಿ ಮುಗಿದ ಅದೇ ಮಾದರಿಯ ಕಾರಿನವರೊಬ್ಬರಿಗೆ 22 ಸಾವಿರಕ್ಕೆ ಮಾರಿದೆ. ಆರು ಸಾವಿರ ಕೈಬಿಟ್ಟಿತು. ಅಪ್ಪನಿಗೆ ಹೇಳಿದಾಗ, ‘ಹೋಗ್ಲಿ ಬಿಡು, ಬಾನೆಟ್ ತೆಗೆಯೋದನ್ನ ಕಲಿತೆಯಲ್ಲ, ಅದರ ಫೀಸು ಅಂದ್ಕೊ’ ಅಂದರು.

ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ವಾಷಿಂಗ್ ಮಷೀನ್ ತಂದೆವು. ಅದಕ್ಕೂ ವಾರಂಟಿ ಇದೆ. ಅದರ ಪುಸ್ತಕವನ್ನು ಈ ಸಲ ಮೊದಲೇ ಓದಿದ್ದೀನಿ.